ಅಕ್ಕನಿಗೆ ಒಯ್ದ ಹಸಿರು ಸೀರೆ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ “ಸಾಕ್ ಬಿಡೋ ಮಾರಾಯಾ, ಹೊಟ್ಟಿ ತುಂಬಿದವ್ರ ಮಾತು” ಎಂದು ಎದ್ದು ಹೋಗುವವನು ನಾನು. ಈಗ ನನ್ನದನ್ನೇ ಹೇಳಲು ಕೂತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾನು ಇಳಕಲ್ಲಿನ ನೇಕಾರ. ಕೆಲವು ವರ್ಷಗಳ ಹಿಂದೆ ಗುವಾಹಟಿಯ ಕೈಮಗ್ಗದ ಮೇಳಕ್ಕೆ ಸೀರೆ ಮಾರಲು ಹೋಗಿದ್ದೆ. ಒಂದು ಬೆಳಗ್ಗೆ ಶಿರೂರಿನಿಂದ ಮಾವನ ಫೋನ್ ಬಂತು. ಅವರ ಹೆಂಡತಿ, ನನ್ನ ಒಬ್ಬಳೇ ಅಕ್ಕ, ನಸುಕಿನಲ್ಲಿ ತೀರಿಕೊಂಡಿದ್ದಳು. ನಮ್ಮ ಕಡೆ ಹೆಣ್ಣುಮಗಳಿಗೆ ತವರಿನ ಸೀರೆ ಹೊಚ್ಚದೆ ಮಣ್ಣು ಮಾಡುವುದಿಲ್ಲ. ತವರು ಅಂತ ಅವಳಿಗೆ ಉಳಿದಿದ್ದವನು ನಾನೊಬ್ಬನೇ.

“ಎಷ್ಟೊತ್ತಿಗೆ ಮುಟ್ಟತಿ?” ಎಂದರು ಮಾವ.

ಫೋನಿನಲ್ಲಿ ನೋಡಿದೆ. ಬೆಂಗಳೂರಿಗೆ ವಿಮಾನದಲ್ಲಿ ಮೂರು ತಾಸು ಚಿಲ್ಲರೆ, ಅಲ್ಲಿಂದ ಹುಬ್ಬಳ್ಳಿಗೆ ಒಂದು ತಾಸು. “ಮಧ್ಯಾಹ್ನಕ್ಕ ಬರ್ತೇನಿ ಮಾವ. ನಾ ಬರೂತನಾ ಎತ್ತಬ್ಯಾಡ್ರಿ” ಎಂದುಬಿಟ್ಟೆ. ಬರೀ ಆಕಾಶದ ಹಾದಿಯನ್ನು ಲೆಕ್ಕ ಹಿಡಿದಿದ್ದೆ. ವಿಮಾನ ನಿಲ್ದಾಣದಲ್ಲಿ ಕಾಯುವುದು, ಹುಬ್ಬಳ್ಳಿಯಿಂದ ಶಿರೂರಿನ ರಸ್ತೆ, ಒಂದೂ ತಲೆಗೆ ಬರಲಿಲ್ಲ.

ನಾಗರ ಪಂಚಮಿ ಹಬ್ಬಕ್ಕೆ ಅಕ್ಕನಿಗೆಂದು ನೇಯ್ದ ಹಸಿರು ಸೀರೆ ನನ್ನ ಹತ್ತಿರವೇ ಇತ್ತು. ಮಳಿಗೆಯಲ್ಲಿ ಕೂತು ಅದರ ಕೆಂಪು ಸೆರಗಿಗೆ ಗೊಂಡೆ ಕಟ್ಟುತ್ತಿದ್ದೆ, ಅರ್ಧ ಮುಗಿದಿತ್ತು. ಅದನ್ನೇ ಚೀಲಕ್ಕೆ ಹಾಕಿಕೊಂಡು ಹೊರಟೆ.

ಬೆಂಗಳೂರಿನಲ್ಲಿ ತಪಾಸಣೆಯವರು ಚೀಲ ಬಿಚ್ಚಿಸಿದಾಗ ಸೀರೆಯನ್ನು ನಾನೇ ಎತ್ತಿ ತೋರಿಸಿ, ಮಡಚಿ ಒಳಗಿಟ್ಟೆ. ಹುಬ್ಬಳ್ಳಿಯ ವಿಮಾನಕ್ಕೆ ಇನ್ನೂ ಬಹಳ ಹೊತ್ತಿತ್ತು. ತಡವಾಗುತ್ತದೆಂದು ಹೇಳಲು ಮಾವನಿಗೆ ಫೋನ್ ಹಚ್ಚಿದರೆ ಅವರು ಎತ್ತಲಿಲ್ಲ. ಚೀಲವನ್ನು ಎದೆಗವಚಿಕೊಂಡು ಕೂತೆ. ಅಲ್ಲಿ ಅಕ್ಕನನ್ನು ನಮ್ಮ ಪದ್ಧತಿಯಂತೆ ಗೋಡೆಗೆ ಆನಿಸಿ ಕೂಡಿಸಿಕೊಂಡು ಎಲ್ಲರೂ ನನ್ನ ದಾರಿ ನೋಡುತ್ತಿರುತ್ತಾರೆ ಎಂದು ಜೀವ ಚಡಪಡಿಸುತ್ತಿತ್ತು. ಅಂಥದ್ದರಲ್ಲೂ ಹಾಳು ಕಣ್ಣು ಹತ್ತಿತು. ಕನಸು ಗಿನಸು ಏನೂ ಬೀಳಲಿಲ್ಲ. ಎದ್ದಾಗ ಮಾತ್ರ ದೂರದ ಊರಿಗೆ ನಡೆದುಹೋಗಿ ಬಂದವನ ಹಾಗೆ ಕಾಲು ಸೇದುತ್ತಿದ್ದವು.

ಶಿರೂರು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದರು. ನಾನು ಕಟ್ಟೆಯ ಮೇಲೆ ಕುಸಿದು, “ನನ್ನ ಬಿಟ್ಟು ಹ್ಯಾಂಗ ಎತ್ತಿದ್ರಿ ಮಾವ?” ಎಂದು ಅತ್ತೆ.

ಮಾವ ನನ್ನ ಮುಖವನ್ನೇ ನೋಡಿದರು. “ಏನ್ ಮಾತಾಡ್ತಿಯೋ? ಮಧ್ಯಾಹ್ನ ಬಂದು ನೀನ ಸೀರಿ ಹೊಚ್ಚಿದೆಲ್ಲ? ಹಸರು ಸೀರಿ, ಗೊಂಡೆ ಅರ್ಧಕ್ಕ ಬಿಟ್ಟಿದ್ದಿ. ಒಂದ ಮಾತಾಡ್ಲಿಲ್ಲ, ನೀರ ಕೊಟ್ರ ಕುಡೀಲಿಲ್ಲ. ಅಕ್ಕನ ಮಾರಿ ಭಾಳ ಹೊತ್ತು ನೋಡಿದಿ. ಆಮ್ಯಾಲ ಎಲ್ಲಿ ಹೋದೆಪಾ ಅಂತ ಹುಡುಕಿದ್ವಿ.”

ಚೀಲ ಬಿಚ್ಚಿದೆ. ಒಂದು ಟವೆಲ್ಲು, ಫೋನಿನ ಚಾರ್ಜರು, ಗೊಂಡೆಗೆ ಮಿಕ್ಕ ಕೆಂಪು ನೂಲು. ಸೀರೆ ಇರಲಿಲ್ಲ.

ಯಾರೋ ಕದ್ದರು ಅನ್ನೋಣವೆಂದರೆ, ಇಡೀ ಓಣಿ ನನ್ನನ್ನು ನೋಡಿದ್ದೇವೆ ಎನ್ನುತ್ತದೆ. ವಾದ ಮಾಡಿ ಮಾಡಿ ಸಾಕಾಗಿದೆ. ಅಕ್ಕ ತವರಿನ ಸೀರೆಯಲ್ಲೇ ಹೋದಳು, ಅದೊಂದು ಸಮಾಧಾನ. ಆದರೆ ಕಡೆಯ ಸಲ ಅವಳ ಮುಖವನ್ನು ನಾನು ಬಹಳ ಹೊತ್ತು ನೋಡಿದೆನಂತೆ. ನನಗೆ ಅದು ನೆನಪೇ ಇಲ್ಲ.