ಪೂಜೆಗೆ ಬಿಚ್ಚಿದ ಬಾಟಲಿ

ನಾನು ಪಾಠ ಮಾಡುವ ಮೂಡುಬಿದಿರೆಯ ಕಾಲೇಜಿನಲ್ಲೇ ಪಿಎಚ್‌ಡಿಗೆ ಸೇರಿದಾಗ ಸಿಕ್ಕಿದ ಗೈಡ್ ನನಗಿಂತ ತುಂಬ ಚಿಕ್ಕವರು. ನಾನು ಗುರುವಾಯನಕೆರೆಯಿಂದ ಬಸ್ಸಿನಲ್ಲಿ ಬಂದು, ಕ್ಲಾಸು ಮುಗಿಸಿ ಲ್ಯಾಬಿಗೆ ಕಾಲಿಟ್ಟರೆ ಅವರ ಮೊದಲ ಮಾತು, "ಬಂದ್ರಾ? ಅಡಿಗೆ ಎಲ್ಲ ಆಯ್ತಾ?" ನಾನು ಕೋಟು ತೊಟ್ಟು ಕೆಲಸಕ್ಕೆ ಇಳಿಯುತ್ತಿದ್ದೆ.

ನನ್ನ ಕೆಲಸ ಬೇರಿಯಂ ಟೈಟನೇಟಿನ ತೆಳು ಪದರ ಮಾಡುವುದು. ಬೇರಿಯಂ ಉಪ್ಪನ್ನು ಆಮ್ಲದಲ್ಲಿ ಕರಗಿಸಿ, ಟೈಟಾನಿಯಂ ದ್ರವವನ್ನು ಹನಿಹನಿಯಾಗಿ ಬೆರೆಸಬೇಕು. ಆ ತಿಳಿ ದ್ರಾವಣವನ್ನು ತಿರುಗುವ ಬಿಲ್ಲೆಯ ಮೇಲೆ ಬಿಟ್ಟು, ಒಣಗಿಸಿ, ಕುಲುಮೆಯಲ್ಲಿ ಸುಟ್ಟರೆ ಪದರ. ಟೈಟಾನಿಯಂ ದ್ರವಕ್ಕೆ ನೀರು ತಾಗಬಾರದು; ಕೆಡಲು ನಮ್ಮ ಊರಿನ ಗಾಳಿಯ ತೇವವೇ ಸಾಕು. ಅದಕ್ಕೇ ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತಿಡುತ್ತಿದ್ದೆ. ರಿವ್ಯೂ ಸಮಿತಿಗೆ ಈ ಸಲವೂ ಪದರ ತೋರಿಸದಿದ್ದರೆ ನನ್ನ ನೋಂದಣಿ ರದ್ದಾಗುತ್ತಿತ್ತು.

ಆಯುಧಪೂಜೆಯ ರಜೆ ಮುಗಿಸಿ ಬಂದು ದ್ರವ ಬೆರೆಸಿದರೆ, ಬೀಕರಿನ ತುಂಬ ಒಡೆದ ಹಾಲಿನಂಥ ಬಿಳಿ ಗಂಟು. ಬಾಟಲಿ ನೋಡಿದೆ. ಟೇಪು ಇಲ್ಲ. ಮೈಗೆ ಗಂಧ, ಕುಂಕುಮ. ಮುಚ್ಚಳದೊಳಗೆ ಬಿಳಿ ಹುಡಿ.

"ಇದನ್ನು ಪೂಜೆಗೆ ಇಟ್ಟದ್ದು ಯಾರು ಸರ್?" ಎಂದು ಗೈಡ್ ಅವರನ್ನು ಕೇಳಿದೆ.

"ನಾನೇ. ಟೇಪು ಅಂಟಂಟು, ಅಸಹ್ಯ ಕಾಣ್ತಿತ್ತು. ಮುಚ್ಚಳ ತೆಗೆದು ಚಂದ ಮಾಡಿ ಒರೆಸಿ ಇಟ್ಟೆ. ಎಂತ ಈಗ?"

"ಹಾಳಾಗಿದೆ."

"ಪೂಜೆಯಿಂದ ಹಾಳಾಗುವುದುಂಟಾ ಮಾರಾಯ್ರೆ? ನಿಮ್ಮ ಕೈಯೇ ಸರಿ ಇಲ್ಲ. ಸಮಿತಿ ಎದುರು ತಪ್ಪು ನಿಮ್ಮದೇ ಅಂತ ಒಪ್ಪಿಕೊಳ್ಳಿ. ಇನ್ನೊಂದು ಅವಕಾಶ ಕೊಡಿಸ್ತೇನೆ."

ಸಮಿತಿಯ ಹಿರಿಯರು "ಪದರ ಎಲ್ಲಿ?" ಎಂದರು. ಗೈಡ್ ನನ್ನ ಬಾಯನ್ನೇ ನೋಡುತ್ತಿದ್ದರು.

"ಆಗಲಿಲ್ಲ ಸರ್. ಇವರು ಬಾಟಲಿಯ ಮುಚ್ಚಳ ತೆಗೆದು ಪೂಜೆಗೆ ಇಟ್ಟರು, ದ್ರವ ಕೆಟ್ಟಿತು," ಎಂದೆ.

"ದೇವರಿಗೆ ಟೈಟಾನಿಯಂ ನೈವೇದ್ಯವಾ!" ಎಂದು ಒಬ್ಬರು ನಕ್ಕರು. ಗೈಡ್ ಅವರ ಕಿವಿ ಕೆಂಪಾಯಿತು. ತಪ್ಪು ನನ್ನದಲ್ಲವೆಂದು ನನಗೆ ಇನ್ನೊಂದು ಅವಧಿ ಸಿಕ್ಕಿತು, ಅದೂ ಅವರ ಕೈಕೆಳಗೇ.

ಹೊರಗೆ ಬಂದವರೇ ಗೈಡ್ ಹೇಳಿದರು, "ಮರ್ಯಾದೆ ತೆಗೆದ್ರಿ ಅಲ್ವಾ? ಇನ್ನು ಲ್ಯಾಬಿನ ಕೀ ನನ್ನ ಹತ್ರವೇ ಇರ್ತದೆ."

"ಎಷ್ಟು ಹೊತ್ತಿಗೆ ತೆಗೀತೀರಿ ಸರ್?"

"ಮನಸ್ಸಾದಾಗ."

ಮರುದಿನ ಕ್ಲಾಸು ಮುಗಿಸಿ ಅವರ ಕೋಣೆಯ ಎದುರೇ ಕುರ್ಚಿ ಹಾಕಿ ಕುಳಿತೆ. ಬುತ್ತಿ ಬಿಚ್ಚಿ ಅಲ್ಲೇ ಉಂಡೆ. ಹೋಗಿಬರುವವರೆಲ್ಲ "ಎಂತ ಮೇಡಂ, ಇಲ್ಲಿ?" ಎಂದು ಕೇಳುತ್ತಿದ್ದರು, "ಕೀಗೆ ಕಾಯ್ತಾ ಇದ್ದೇನೆ" ಎಂದು ಒಳಗಿದ್ದ ಗೈಡ್ ಅವರಿಗೂ ಕೇಳುವ ಹಾಗೆ ಹೇಳುತ್ತಿದ್ದೆ. ಕೊನೆಗೆ ಬಾಗಿಲು ತೆರೆಯಿತು. ಕೀಯನ್ನು ನನ್ನ ಕೈಗೆ ಕೊಡಲಿಲ್ಲ, ನೆಲಕ್ಕೆ ಎಸೆದರು.

ಹೆಕ್ಕಿಕೊಂಡು ಲ್ಯಾಬಿಗೆ ಹೋದೆ.