ಗೋಡೆಗೆ ಮುಖ ಮಾಡಿದ ಮೈಲಾರಲಿಂಗ

ಬೀದರಿನ ಮೈಲೂರಿನಲ್ಲಿದ್ದ ಮಾಣಿಕ ಮಿಸ್ತ್ರಿಯವರ ಗ್ಯಾರೇಜಿಗೆ ಮೊದಲ ಸಲ ಬಂದವರು ಗುಡಿಗೆ ಬಂದೆವೇನೋ ಎಂದು ಚಪ್ಪಲಿ ಬಿಡುತ್ತಿದ್ದರು. ನಟ್ಟು ತಿರುಗಿಸುವ ಪಾನಾಗಳನ್ನು ತೂಗುಹಾಕಿದ ಗೋಡೆಯ ಮೇಲೆ ಒಂದು ಉದ್ದನೆಯ ಹಲಗೆ. ಹಲಗೆಯ ತುಂಬ ದೇವರು. ಗಣಪತಿ, ಹನುಮಂತ, ಬಸವಣ್ಣ, ಲಕ್ಷ್ಮಿ, ಎಲ್ಲರೂ ಅಂಗೈಯಷ್ಟಿನವರು, ಎಲ್ಲರ ಕಾಲಡಿಯಲ್ಲೂ ಒಣಗಿದ ಅಂಟು. ಗಿರಾಕಿಗಳ ಕಾರಿನ ಡ್ಯಾಶ್‌ಬೋರ್ಡಿನಿಂದ ಮಿಸ್ತ್ರಿ ಕಿತ್ತು ಇಳಿಸಿದ ದೇವರುಗಳವು. ದಿನಾ ಬೆಳಿಗ್ಗೆ ಜನವಾಡದಿಂದ ಬೈಕಿನಲ್ಲಿ ಬಂದವರೇ ಎಲ್ಲರಿಗೂ ಅರಿಶಿನದ ಭಂಡಾರ ಹಚ್ಚಿ ಕೈಮುಗಿಯುತ್ತಿದ್ದರು. ಮೂಲೆಯಲ್ಲಿದ್ದ ಒಬ್ಬನಿಗೆ ಮಾತ್ರ ಇಲ್ಲ. ಕುದುರೆ ಏರಿದ ಆ ಮೈಲಾರಲಿಂಗ ಗೋಡೆಗೆ ಮುಖ ಮಾಡಿ ನಿಂತಿದ್ದ. ಯಾಕೆಂದು ಕೇಳಿದರೆ, "ಅದರ ಮಾತು ಬ್ಯಾಡ್ರಿ" ಎಂದು ಮಿಸ್ತ್ರಿ ಬಾನೆಟ್ಟಿನೊಳಗೆ ತಲೆ ಹಾಕುತ್ತಿದ್ದರು.

ಅವರದು ಕುರಿ ಸಾಕುವ ಮನೆತನ. ಅಡವಿಯಲ್ಲಿ ಹಿಂಡು ಕರೆಯುವ ದನಿಯಲ್ಲೇ ಗಿರಾಕಿಗಳನ್ನೂ ಗದರುತ್ತಿದ್ದರು. ಭಾಲ್ಕಿಯ ಶಾಲೆಯೊಂದರಲ್ಲಿ ಮಾಸ್ತರನಾದ ನನಗೂ ಮೊದಲ ದಿನವೇ ಪ್ರಸಾದ ಸಿಕ್ಕಿತು. ನನ್ನ ಕಾರಿನಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಆರದೆ ಉರಿಯುತ್ತಿತ್ತು. ಅದಕ್ಕೊಂದು ಟೇಪು ಅಂಟಿಸಿದರೆ ಸಾಕಂತೆ, ಜಾಣರು ಹೇಳಿದ್ದಾರೆ, ಎಂದೆ.

"ದೀಪಕ್ಕ ಟೇಪ್ ಹಚ್ಚಿದ್ರ ಎದುರಿಗಿ ಬರೋ ಲಾರಿಗಿ ಕಣ್ಣು ಕಟ್ಟಿದಂಗ ಆಯ್ತದೇನ್ರಿ ಮಾಸ್ತರ್ರ?"

ಅಂಗೈಯಗಲದ ಸ್ಕ್ಯಾನರ್ ಹಚ್ಚಿ ನೋಡಿದರು. ಮುಂದಿನ ಸೆನ್ಸರಿನ ಕಡೆ ದೋಷ ಎಂದು ಅದು ತೋರಿಸಿತು. "ಮಶೀನ್ ಓಣಿ ತೋರಸ್ತದ್ರಿ, ಮನಿ ನಾವೇ ಹುಡಕಬೇಕು" ಎಂದು ಬ್ಯಾಟರಿಯ ವೈರು ಬಿಚ್ಚಿದರು, ಕೀಲಿಯನ್ನು ತಮ್ಮ ಖಾಕಿ ಅಂಗಿಯ ಜೇಬಿಗೆ ಹಾಕಿಕೊಂಡರು, ಎಲ್ಲರಿಗೂ ಚಹಾ ತರಿಸಿದರು. ಏರ್‌ಬ್ಯಾಗಿನ ಹೊಟ್ಟೆಯಲ್ಲಿ ಉಳಿದ ಕರೆಂಟು ಇಳಿಯುವ ತನಕ ಯಾರೂ ಗಾಡಿ ಮುಟ್ಟುವಂತಿರಲಿಲ್ಲ. ಆಮೇಲೆ ಬಂಪರ್ ಇಳಿಸಿದರು. ಹಿಂದೊಮ್ಮೆ ಹಂದಿ ಬಡಿದಾಗ ಯಾರೋ ಬಂಪರನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ್ದರು. ಸೆನ್ಸರಿನ ಹಳದಿ ಪ್ಲಗ್ ಸೀಳಿ, ನೀರು ಹೊಕ್ಕು, ಒಳಗೆಲ್ಲ ಹಸಿರು ಕಿಲುಬು. ತೊಳೆದು ಹಾಕಿಬಿಡಿ ಎಂದೆ.

"ಇದು ಭಾಂಡಿ ಅಲ್ರಿ. ಪೆಟ್ಟು ಬಿದ್ದಾಗ ಒಳಗ ಸುದ್ದಿ ಮುಟ್ಟಸೋದೇ ಇದು."

ಹೊಸ ಸೆನ್ಸರು, ಹೊಸ ಪ್ಲಗ್ ಹಾಕಿ, ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದರು. ದೀಪ ಒಮ್ಮೆ ಹೊತ್ತಿ ತಾನೇ ಆರಿತು. ಕೈ ಚಾಚಿದೆ, ಕೀಲಿ ಮತ್ತೆ ಜೇಬಿಗೇ ಹೋಯಿತು. ಅವರ ಕಣ್ಣು ಡ್ಯಾಶ್‌ಬೋರ್ಡಿನ ಎಡಗಡೆ ಇದ್ದ ಹಿತ್ತಾಳೆಯ ವಿಠ್ಠಲನ ಮೇಲಿತ್ತು. ಮರಾಠಿ ಮಾತಾಡುವ ನಮ್ಮ ಮನೆಯಲ್ಲಿ ತಾಯಿಗೆ ಆಯಿ ಅನ್ನುತ್ತೇವೆ. ಪಂಢರಪುರದಿಂದ ಆಯಿಯೇ ತಂದು, ತಾನು ಕೂರುವ ಸೀಟಿನ ಎದುರು ಅಂಟಿಸಿದ ವಿಠ್ಠಲ ಅದು.

"ದೇವ್ರು ಇಳೀಬೇಕು. ಇಲ್ಲಂದ್ರ ಕೀಲಿ ಕೊಡಂಗಿಲ್ಲ."

"ಗಾಡಿ ಕಾಯೋನೇ ಅವ. ಅವನ್ನೇ ಇಳಸ್ತೀ ಏನೋ?" ನನ್ನ ಜೊತೆ ಬಂದಿದ್ದ ಆಯಿ ಕೆರಳಿದಳು.

ಮಿಸ್ತ್ರಿ ಈ ಸಲ ಗದರಲಿಲ್ಲ. ಬಾಗಿಲ ಬಳಿ ಟೈರಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ತಮ್ಮನನ್ನು ಕರೆದರು. "ದತ್ತೂ, ಕನ್ನಡಕ ತಗಿ."

ದತ್ತು ಕರಿ ಕನ್ನಡಕ ತೆಗೆದ. ಎಡಗಣ್ಣು ಇರಬೇಕಾದಲ್ಲಿ ಬರೀ ಹೊಲಿದ ಚರ್ಮ. ಆಯಿಯ ಕೈಯಿಂದ ಚಹಾದ ಬಸಿ ಬಿದ್ದು ಒಡೆಯಿತು.

"ತಮ್ಮ ಹೊಸಾ ಗಾಡಿ ತಂದಿದ್ದ. ನಾನೇ ನನ್ನ ಕೈಲಿಂದ ಮೈಲಾರಲಿಂಗನ್ನ ಅಂಟಸಿ ಕೊಟ್ಟೆ. ಭಾಲ್ಕಿ ಹತ್ರ ಪೆಟ್ಟು ಬಿತ್ತು. ಗೆಳೆಯ ಓಡಸ್ತಿದ್ದ, ಇವ ಬಾಜೂಕ ಕೂತಿದ್ದ. ಏರ್‌ಬ್ಯಾಗ್ ಬಿಚ್ಚೋ ಮುಚ್ಚಳದ ಮ್ಯಾಲೇ ದೇವ್ರು ಇದ್ದ ಆಯಿ. ಅದು ಬಿಚ್ಚಿದ್ದೇ ಅವನ್ನ ಇವನ ಮಾರಿಗಿ ಒಗೀತು."

"ದೇವ್ರಂದೇನ್ ತಪ್ಪದ, ಈ ಕಡಿ ತಿರುಗಸು ಅಂತ ದಿನಾ ಹೇಳ್ತೇನಿ," ಎಂದ ದತ್ತು, ಮೂಲೆಯ ಕುದುರೆ ಸವಾರನನ್ನು ನೋಡುತ್ತ.

"ನಾ ದೇವ್ರು ಇಳಸಿದ್ದಕ್ಕ ಒಬ್ಬರಾದ್ರೂ ಉಳದ್ರು ಅಂತ ನನ್ನ ಕಿವೀಲಿಂದ ಕೇಳ್ಬೇಕು. ಅಲ್ಲೀತನ ಅವನ ಮಾರಿ ನೋಡಂಗಿಲ್ಲ."

ಬಿಸಿನೀರಿನ ಬಟ್ಟೆಯಿಂದ ಮಿಸ್ತ್ರಿ ಅಂಟು ಸಡಿಲಿಸಿದ ಮೇಲೆ ಆಯಿ ವಿಠ್ಠಲನನ್ನು ತಾನೇ ಎತ್ತಿ ಹಲಗೆಯ ಮೇಲಿಟ್ಟಳು. "ಇಲ್ಲೇ ಇರ್ಲಿ. ಇಷ್ಟು ಮಂದಿ ಇದ್ದಾರ, ಅವಗೂ ಬ್ಯಾಸರ ಆಗಂಗಿಲ್ಲ." ಅಂದಿನಿಂದ ಏಕಾದಶಿಗೊಮ್ಮೆ ತುಳಸಿ ಹಿಡಿದು ಗ್ಯಾರೇಜಿಗೆ ಹೋಗುವುದು ರೂಢಿಯಾಯಿತು. ದೂರದಿಂದಲೇ ಮಿಸ್ತ್ರಿ ಕೂಗುತ್ತಿದ್ದರು: "ಬರ್ರಿ ಆಯಿ, ನಿಮ್ಮ ವಿಠ್ಠಲ ಆರಾಮ ಇದ್ದಾನ!"

ಕಳೆದ ಮಳೆಗಾಲದಲ್ಲಿ ಔರಾದದಲ್ಲಿರುವ ಆಯಿಯ ತಂಗಿ, ನಮ್ಮ ಮೌಶಿಯ ಮನೆಗೆ ಹೊರಟಿದ್ದೆವು. ಹೊಲದಿಂದ ಟ್ರ್ಯಾಕ್ಟರೊಂದು ಏಕಾಏಕಿ ರಸ್ತೆಗೆ ನುಗ್ಗಿತು. ಬ್ರೇಕು ಒತ್ತಿದ್ದು ನೆನಪಿದೆ. ಆಮೇಲೆ ಮದ್ದು ಸಿಡಿದಂಥ ಸದ್ದು, ಬಿಳಿ ಧೂಳು, ಕಿವಿ ಗುಂಯ್. ಆಯಿಯ ಮುಖವೆಲ್ಲ ಬೆಳ್ಳಗೆ, ಅಲುಗಾಟವಿಲ್ಲ. ಅಷ್ಟರಲ್ಲಿ ಆಯಿ ಕೆಮ್ಮಿದಳು.

"ಹಿಟ್ಟಿನ ಚೀಲ ಒಡೀತೇನೋ?"

ಅಳುವುದೋ ನಗುವುದೋ ತಿಳಿಯದೆ ಡ್ಯಾಶ್‌ಬೋರ್ಡು ನೋಡಿದೆ. ವಿಠ್ಠಲ ನಿಂತಿದ್ದ ಅಂಟಿನ ಕಲೆಯ ಮೇಲೇ ಮುಚ್ಚಳ ಸೀಳಿಕೊಂಡಿತ್ತು.

ಆಯಿಗೆ ಮುರಿದದ್ದು ಮಣಿಕಟ್ಟು ಮಾತ್ರ. ಈ ಸುದ್ದಿ ಮಿಸ್ತ್ರಿಗೆ ತಾನೇ ಹೇಳಬೇಕು, ಫೋನು ಮಾಡಕೂಡದು ಎಂದು ಹಟ ಹಿಡಿದಳು. ಕೈ ಕೂಡಿದ ಮೇಲೆ ಪೇಡೆಯ ಡಬ್ಬಿ ಹಿಡಿದು ಆಟೋದಲ್ಲಿ ಹೋದೆವು. ದೂರದಿಂದ ಯಾರೂ ಕೂಗಲಿಲ್ಲ. ಖಾಕಿ ಅಂಗಿ ಮೊಳೆಯಲ್ಲಿ ತೂಗುತ್ತಿತ್ತು.

"ಅಣ್ಣ ಹೋದ ತಿಂಗಳೇ ಹೋದ್ರಿ," ಎಂದ ದತ್ತು. "ಮನ್ಯಾಗ ಮಲಗಿದವ ಏಳ್ಲೇ ಇಲ್ಲ."

ಆಯಿ ಡಬ್ಬಿಯನ್ನು ಎದೆಗವಚಿಕೊಂಡು ಟೈರಿನ ಮೇಲೆ ಕುಸಿದಳು. ನಡೆದದ್ದನ್ನೆಲ್ಲ ನಾನೇ ಹೇಳಬೇಕಾಯಿತು.

ಕೇಳಿದ ದತ್ತು ಸ್ಟೂಲು ಹತ್ತಿದ. ಮೂಲೆಯ ಮೈಲಾರಲಿಂಗನ ಧೂಳು ಒರೆಸಿ, ನಮ್ಮ ಕಡೆ ಮುಖ ಮಾಡಿ ನಿಲ್ಲಿಸಿ, ಭಂಡಾರ ಹಚ್ಚಿದ. ಇಳಿದು ಬಂದು ಮೊಳೆಯ ಮೇಲಿನ ಅಂಗಿಯ ಮುಂದೆ ನಿಂತ.

"ಅಣ್ಣಾ, ಒಬ್ಬರು ಉಳದಾರ. ಇಲ್ಲೇ ಕೂತಾರ ನೋಡು."