ಪೇಟಿ ಅಪ್ಪಾಸಾಬರ ಎಡಗಿವಿ

ಬೆಳಗಿನ ಐದು ಗಂಟೆ. ಸಿಂದಗಿಯ ತಮ್ಮ ಮನೆಯ ಪಡಸಾಲೆಯಲ್ಲಿ ಕೂತ ಅಪ್ಪಾಸಾಬರು ಎಡಗಿವಿಯ ಪಕ್ಕ ಹೆಬ್ಬೆರಳನ್ನೂ ತೋರುಬೆರಳನ್ನೂ ಉಜ್ಜುತ್ತಾರೆ. ಸರಸರ ಸದ್ದು ಕೇಳಿಸುತ್ತದೋ ಇಲ್ಲವೋ ಎಂಬ ಪರೀಕ್ಷೆ. ನಿನ್ನೆಗಿಂತ ಕಡಿಮೆಯಾಗಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅವರು ಉಸಿರು ಬಿಟ್ಟು, ಬಿಚ್ಚಿಟ್ಟ ಹಾರ್ಮೋನಿಯಂ ಕಡೆ ತಿರುಗುತ್ತಾರೆ. ಇಲ್ಲಿಯವರಿಗೆ ಅದು ಪೇಟಿ.

“ಆರರೊಳಗ ಮುಗಸ್ಬೇಕ್ರಿ. ಆಮ್ಯಾಲ ಆಲಮೇಲ ಕಡಿಂದ ಕಬ್ಬಿನ ಟ್ರ್ಯಾಕ್ಟರ್ ಹಾಡು ಹಚಗೊಂಡ ಬರ್ತಾವು. ಆ ಗದ್ದಲದಾಗ ಸುರ ಎಲ್ಲಿ ಸಿಗತೈತಿ?”

ಒಂದು ಪೇಟಿಗೆ ನಲವತ್ತೆರಡು ಪಟ್ಟಿ. ಪಟ್ಟಿಯೊಂದರ ಕೆಳಗೆ ಎರಡರಂತೆ ಎಂಬತ್ತನಾಲ್ಕು ಹಿತ್ತಾಳೆ ನಾಲಿಗೆಗಳು. ಕಾನಸಿನಿಂದ, ಅಂದರೆ ಸಣ್ಣ ಅರದಿಂದ, ನಾಲಿಗೆಯ ತುದಿ ಕೆರೆದರೆ ಸುರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ವಾರಕ್ಕೆ ಎರಡು ಪೇಟಿ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಎಷ್ಟೋ ಭಜನಾ ಮೇಳಗಳ ಪೇಟಿಗಳು ಇವರ ಕೈಯಲ್ಲೇ ದುರಸ್ತಿಯಾಗುತ್ತವೆ. ಈಗ ಐವತ್ತೇಳರ ಅಪ್ಪಾಸಾಬರು ಮೊದಲು ಹದಿನಾಲ್ಕು ವರ್ಷ ಇಂಡಿಯ ಹಿಟ್ಟಿನ ಗಿರಣಿಯಲ್ಲಿ ದುಡಿದವರು. ಗುರು ಇಲ್ಲ. ಯಾರೋ ಕೈಬಿಟ್ಟ ಪೇಟಿಯೊಂದನ್ನು ಬಿಚ್ಚಿ, ಕೆಡಿಸಿ, ಮತ್ತೆ ಕೂಡಿಸಿ ಕಲಿತರು.

ಹೋದ ವರ್ಷ ಮುದ್ದೇಬಿಹಾಳದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ದಿಲಾವರ ತನ್ನ ದುಬಾರಿ ಇಯರ್‌ಫೋನನ್ನು ಇವರ ಕೈಗಿಟ್ಟ. ಕಿವಿಯೊಳಗೆ ಬೂಚಿನಂತೆ ಕೂರುವಂಥದ್ದು. “ನನಗ ಹೊಸಾದು ಬಂದೈತಿ ಕಾಕಾ, ಇದು ನಿಮಗ” ಎಂದ.

“ಕಿವಿಗೆ ಬೂಚು ಹಾಕ್ಕೊಂಡು ಏನ ಕೇಳೂದೋ?” ಎಂದು ಅಪ್ಪಾಸಾಬರು ಅದನ್ನು ಗೂಡಿನಲ್ಲಿಟ್ಟು ಮರೆತಿದ್ದರು. ತಿಂಗಳಾದ ಮೇಲೆ ಒಮ್ಮೆ ಹಾಕಿಕೊಂಡರು. ಕಿವಿ ತುರಿಸಿತು, ಐದು ನಿಮಿಷಕ್ಕೆ ಕಿತ್ತಿಟ್ಟರು. ಸಣ್ಣ ರಬ್ಬರು ಬದಲಿಸಿ ಮತ್ತೆ ಹಾಕಿದ ದಿನ, ಮೊಬೈಲಿನಲ್ಲಿದ್ದ ಹಳೆಯ ಭಜನೆಯೊಂದರಲ್ಲಿ ಹಾಡುವವರು ಉಸಿರೆಳೆದದ್ದು ಕೇಳಿಸಿತು. ಪಟ್ಟಿಯ ಮೇಲೆ ಬೆರಳು ತಾಕಿದ ಟಕ್ ಸದ್ದೂ ಕೇಳಿಸಿತು. ಅಂದಿನಿಂದ ತಾವು ಹಚ್ಚಿದ ಸುರವನ್ನು ಮೊಬೈಲಿನಲ್ಲಿ ಹಿಡಿದು, ಇಯರ್‌ಫೋನಿನಲ್ಲಿ ಕೇಳಿ ತಿದ್ದುವುದು ರೂಢಿಯಾಯಿತು. “ಬರೇ ಕಿವಿಗೆ ಸಿಗದ ತಪ್ಪು ಇದರಾಗ ಸಿಗತಿತ್ರಿ. ಇಪ್ಪತ್ತ ವರ್ಷ ನಾ ಏನ ಕೇಳೇನಿ ಅನಸ್ತು.”

ಶ್ರಾವಣಕ್ಕೆ ವಾರ ಮುಂಚೆ ಹೂವಿನ ಹಿಪ್ಪರಗಿಯ ಭಜನಾ ಮೇಳದ ಪೇಟಿ ಕೇಳುತ್ತಿದ್ದಾಗ ಮೇಲಿನ ಸುರಗಳು ಎಡಗಡೆ ಕಂಬಳಿ ಹೊದ್ದಂತೆ ಮಂಕಾದವು. ಇಯರ್‌ಫೋನ್ ಕೆಟ್ಟಿತೆಂದು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಕೊಂಡರು. ಕೆಟ್ಟದ್ದು ಅದೇ ಆಗಿದ್ದರೆ ಮಂಕು ಬಲಕ್ಕೆ ಬರಬೇಕಿತ್ತು. ಬರಲಿಲ್ಲ. ಎಡಗಿವಿಯಲ್ಲೇ ಉಳಿಯಿತು.

“ಕೈಯಾಗಿನ ಕಾನಸು ಕೆಳಗ ಬಿತ್ರಿ.”

ನಾಲ್ಕು ದಿನ ಪೇಟಿ ಮುಟ್ಟಲಿಲ್ಲ. ಹಿಪ್ಪರಗಿಯಿಂದ ಫೋನ್ ಬಂದರೆ ಎತ್ತಲಿಲ್ಲ. ಕೊಟ್ಟು ಕಳಿಸಿದ ಪೇಟಿಗಳಲ್ಲಿ ಎಷ್ಟು ತಪ್ಪಿವೆಯೋ, ಯಾವ ಊರಿನಲ್ಲಿ ಯಾರು ನಗುತ್ತಿದ್ದಾರೋ ಎಂಬ ದಿಗಿಲು. ಐದನೆಯ ದಿನ ಹೆಂಡತಿ ರೇಣವ್ವ ಎದುರಿಗೆ ಬಂದು ಕೂತರು.

“ಎಡಕ ನಿಂತ ಕರದ್ರ ನೀವು ಓ ಅನ್ನೂದು ಬಿಟ್ಟು ವರ್ಷ ಆತ್ರಿ. ಹೇಳಿದ್ರ ಹೆದರ್ತೀರಿ ಅಂತ ಸುಮ್ನಿದ್ದೆ. ನಡೀರಿ ದವಾಖಾನಿಗೆ.”

ವಿಜಯಪುರದ ವೈದ್ಯರು ಪರೀಕ್ಷಿಸಿ, ಹಿಂದಿನ ಕೆಲಸ ವಿಚಾರಿಸಿ, ಗಿರಣಿಯಲ್ಲಿ ಯಂತ್ರಕ್ಕೆ ಯಾವ ಮಗ್ಗುಲಾಗಿ ನಿಲ್ಲುತ್ತಿದ್ದಿರಿ ಎಂದು ಕೇಳಿದರು. ಎಡ ಎಂದರು ಅಪ್ಪಾಸಾಬರು. ಗಿರಣಿಯ ಸದ್ದಿಗೆ ಕಿವಿಯ ನರ ಸೋತಿದೆ, ಹೋದದ್ದು ಮರಳುವುದಿಲ್ಲ, ಬಲಗಿವಿಯನ್ನು ಜೋಪಾನ ಮಾಡಿ ಎಂಬ ಮಾತು ಹೊತ್ತು ಬಸ್ಸು ಹತ್ತಿದರು.

ಮುಚ್ಚಿಡಬಹುದಿತ್ತು. ಅಪ್ಪಾಸಾಬರು ಬಲಗಿವಿಯೊಂದರಲ್ಲೇ ಕೇಳಿ ಕೆಲಸ ಮುಗಿಸಿ, ಪೇಟಿ ಹೊತ್ತು ತಾವೇ ಹಿಪ್ಪರಗಿಗೆ ಹೋದರು. ಮೇಳದ ಹಿರಿಯ ಚನ್ನಬಸಯ್ಯನವರ ಮುಂದೆ ಇಟ್ಟು ಹೇಳಿದರು: “ಅಯ್ಯಾರ, ನನ್ನ ಎಡಗಿವಿ ಹೋಗೇತ್ರಿ. ನುಡಿಸಿ ನೋಡ್ರಿ. ತಪ್ಪಿದ್ರ ಬ್ಯಾರೆ ಕಡೆ ಕೊಡ್ರಿ, ನಾ ಬ್ಯಾಸರ ಮಾಡ್ಕೊಳ್ಳೂದಿಲ್ಲ.”

ಚನ್ನಬಸಯ್ಯ ಕಣ್ಣು ಮುಚ್ಚಿ ಒಂದೊಂದೇ ಪಟ್ಟಿ ಒತ್ತುತ್ತ ಹೋದರು. ಕಡೆಯ ಸಪ್ತಕಕ್ಕೆ ಬಂದಾಗ ಬೆರಳು ನಿಂತಿತು. “ಈ ಪಂಚಮ ಒಂದೀಟ ಇಳದೈತಿ, ಅಪ್ಪಾಸಾಬ.”

ಅಪ್ಪಾಸಾಬರು ಅಲ್ಲೇ ಪೇಟಿ ಬಿಚ್ಚಿ, ಬಲಗಿವಿ ಬಗ್ಗಿಸಿ, ನಾಲಿಗೆಯ ತುದಿಯನ್ನು ಎರಡೇ ಎರಡು ಸಲ ಕೆರೆದರು. ಮುದುಕರು ಮತ್ತೆ ಒತ್ತಿದರು. ಸುರ ಸರಿಯಾಗಿ ಕೂತಿತ್ತು; ಅದನ್ನೇ ಕೇಳುತ್ತ ಈ ಸಲ ಬೆರಳು ಎತ್ತಲೇ ಇಲ್ಲ. “ಎಂಬತ್ತನಾಕರಾಗ ಒಂದು. ಎರಡೂ ಕಿವಿ ಇದ್ದಾವ್ರು ಇದರಕಿಂತ ಹೆಚ್ಚ ತಪ್ಪತಾರ. ಮಠದಾಗ ಇನ್ನೊಂದ ಪೇಟಿ ಐತಿ, ಅದನ್ನೂ ಒಯ್ಯಿ” ಎಂದರು.

ಈಗ ಗಿರಾಕಿಗಳು ಎದುರಲ್ಲೇ ನುಡಿಸಿ ನೋಡಿ ಒಯ್ಯಬೇಕೆಂಬುದು ಅಪ್ಪಾಸಾಬರ ಕರಾರು. ಇಯರ್‌ಫೋನನ್ನು ಹತ್ತಿಬಟ್ಟೆಯಲ್ಲಿ ಸುತ್ತಿಡುತ್ತಾರೆ. ಬಲಗಡೆಯದನ್ನಷ್ಟೇ ಹಾಕಿಕೊಳ್ಳುತ್ತಾರೆ, ದನಿ ತಗ್ಗಿಸಿ.

“ಅಂಜಿಕಿ ಹೋಗಿಲ್ರಿ, ದಿನಾ ಐತಿ. ನನ್ನ ಹೆಸರು ಯಾವ ಪೇಟಿ ಮ್ಯಾಲೂ ಇಲ್ಲ, ಅದೂ ಬ್ಯಾಡ. ಹಾಡಾವ್ರು ಪೇಟಿ ಐತಿ ಅನ್ನೂದು ಮರತು ಹಾಡಬೇಕ್ರಿ. ಅಷ್ಟು ಮಟ್ಟ ಈ ಒಂದು ಕಿವಿ ಉಳದ್ರ ಸಾಕು.”